ಕರಿಬಂಡೆಗೆ ಇಳಿಸಿದ ಬಟ್ಟಲು

ನನ್ನ ತಮ್ಮ ಗಿಲ್‌ನಾಮ್ ಸತ್ತ ಸುದ್ದಿಯನ್ನು ಬೂಸಾನ್ ಪಟ್ಟಣಕ್ಕೆ ಹೇಳಿ ಕಳಿಸಿದವಳು ನಾನೇ. ನಮ್ಮವ್ವ ಯೊನ್‌ಹ್ವಾ ಅಲ್ಲಿ ಯಾವನೋ ಬಟ್ಟೆ ವ್ಯಾಪಾರಿಯ ಜೊತೆ ಸಂಸಾರ ಹೂಡಿದ್ದಾಳೆ ಎಂದು ಅಪ್ಪ ಹೇಳುತ್ತಿದ್ದ. ಗಿಲ್‌ನಾಮ್ ಅಂಬೆಗಾಲಿಡುತ್ತಿದ್ದಾಗ ಬಿಟ್ಟು ಹೋದವಳು ಅವಳು. ಅವನನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವಳು ನಾನು. ಮೀಸೆ ಚಿಗುರುವ ವಯಸ್ಸಿಗೆ ಸಮುದ್ರ ಅವನನ್ನು ನುಂಗಿತು, ಹೆಣವೂ ಸಿಗಲಿಲ್ಲ. ದಿನಾ ದಕ್ಕೆಗೆ ಹೋಗಿ ಬರುವ ಹಡಗನ್ನೆಲ್ಲ ನೋಡಿದೆ. ಹೆತ್ತವಳು ಇಳಿಯಲಿಲ್ಲ. ಎಂಥಾ ಕರುಳಪ್ಪ ಅದು! ಮರಿ ಸತ್ತರೆ ನಾಯಿ ಕೂಡ ಒಂದು ಸಲ ಮೂಸಿ ನೋಡುತ್ತದೆ.

“ಬಾಯಿ ಬಿಗಿ ಹಿಡಿಯೇ ಬೊಂಗ್‌ಶಿಮ್, ಸಾವಿನ ಮನೇಲಿ ಬೈಬಾರ್ದು,” ಎಂದಳು ಅತ್ತೆ. ಅಪ್ಪನ ಅಕ್ಕ ಅವಳು, ಪಕ್ಕದ ಮನೆಯಲ್ಲೇ ಇರುವವಳು.

“ಯಾಕೆ ಬಿಗಿ ಹಿಡೀಲಿ? ಅವಳಿಗೆ ಕೇಳಿಸ್ಲಿ ಅಂತಾನೇ ಬೈತಿರೋದು.”

“ಅವಳನ್ನ ಬಿಡು. ಹುಡುಗನ ಗತಿ ನೋಡು ಮೊದ್ಲು.”

ಅದು ನಿಜ. ನೀರಿನಲ್ಲಿ ಸತ್ತವನ ಪ್ರಾಣವನ್ನು ಮೇಲೆತ್ತದಿದ್ದರೆ ಅವನು ಅಲ್ಲೇ ಚಳಿಯಲ್ಲಿ ಕೂತಿರಬೇಕು, ತನ್ನ ಬದಲಿಗೆ ಇನ್ನೊಬ್ಬರನ್ನು ಎಳೆದುಕೊಳ್ಳುವ ತನಕ ಬಿಡುಗಡೆಯಿಲ್ಲ. ನನಗೆ ಬೇಕಿದ್ದುದು ಒಂದೇ. ನನ್ನ ಹುಡುಗ ಮೇಲೆ ಬಂದು ಒಲೆಯ ಕಾವಿಗೆ ಬೆಚ್ಚಗಾಗುವ ನಮ್ಮ ಮನೆಯ ನೆಲದ ಮೇಲೆ ಒಂದು ಸಲ ಮಲಗಬೇಕು, ಆಮೇಲೆ ಗುಡ್ಡದ ಮಣ್ಣಿಗೆ ಹೋಗಬೇಕು. ದಂಗೋಲಜ್ಜಿಯನ್ನು ಕರೆಸಿದೆವು. ಸತ್ತವರ ಜೊತೆ ಮಾತಾಡುವುದು ಅವಳ ಮನೆತನದ ಕಸುಬು. ನಮ್ಮ ದ್ವೀಪದ ಸಾವಿಗೆಲ್ಲ ಅವಳೇ ಬರಬೇಕು.

ಅಪ್ಪ ಸೋಜು ಹೆಂಡದ ಬಾಟಲಿ ಹಿಡಿದು ಜಗಲಿಯಲ್ಲಿ ಕೂತಿದ್ದ. “ಮಾಡೋದಾದ್ರೆ ದಕ್ಕೆ ಹತ್ರ ಮಾಡಿ. ಕರಿಬಂಡೆಗೆ ನನ್ನ ದೋಣಿ ಬರಲ್ಲ.”

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. “ಹುಡುಗ ಬಿದ್ದಿದ್ದು ಕರಿಬಂಡೇಲಿ. ಕೊಡ ಬಾವಿಗೆ ಬಿದ್ರೆ ಬಚ್ಚಲಲ್ಲಿ ಹುಡುಕ್ತೀಯೇನಪ್ಪಾ ಮಾನ್‌ಬೋಕ್?”

ಕರಿಬಂಡೆ ನಮ್ಮ ಊರಿನ ಎದುರಿಗೇ ಸಮುದ್ರದಿಂದ ಎದ್ದು ನಿಂತ ಬಂಡೆ. ಅದರ ಹತ್ತಿರ ಅಪ್ಪ ಎಂದೂ ತಿನ್ನುವ ಕಡಲಪಾಚಿ ಬೆಳೆಸುವ ಬಲೆ ಹಾಕಿದವನಲ್ಲ. ಸೆಳೆತ ಜಾಸ್ತಿ ಎಂದು ನಮ್ಮನ್ನೂ ಆ ಕಡೆ ಬಿಡುತ್ತಿರಲಿಲ್ಲ. ಆದರೆ ಗಿಲ್‌ನಾಮ್ ಕದ್ದು ಹೋಗುತ್ತಿದ್ದ. “ಅಕ್ಕಾ, ಅಲ್ಲಿ ದೋಣಿ ನಿಲ್ಲಿಸಿದ್ರೆ ಯಾರೋ ಜೋಗುಳ ಹಾಡಿದ ಹಾಗೆ ಕೇಳುತ್ತೆ,” ಎಂದಿದ್ದ ಒಮ್ಮೆ. “ಗಾಳಿ ಕಣೋ ಪೆದ್ದ, ಊಟ ಮಾಡು,” ಎಂದಿದ್ದೆ ನಾನು.

ಊರಿನವರ ಬಾಯಿಗೆ ಹೆದರಿ ಅಪ್ಪ ಕೊನೆಗೂ ದೋಣಿ ತೆಗೆದ. ಒಳ್ಳೆ ಬಿಸಿಲಿತ್ತು. ನಮ್ಮ ಮನೆಯ ಹಿತ್ತಾಳೆ ಬಟ್ಟಲಿಗೆ ಅಜ್ಜಿ ಅಕ್ಕಿ ತುಂಬಿ, ಮುಚ್ಚಳ ಹಾಕಿ, ಬಿಳಿ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿದಳು. ಬಟ್ಟಲು ಸತ್ತವರು ಉಂಡ ಮನೆಯದೇ ಆಗಬೇಕು. ಬೇರೆ ಮನೆಯ ಬಟ್ಟಲಿಗೆ ಅವರು ಬರುವುದಿಲ್ಲ. ಗಂಟಿಗೆ ಉದ್ದನೆಯ ಬಿಳಿ ಪಟ್ಟಿ ಕಟ್ಟಿ ಅಪ್ಪನ ಕೈಗೆ ಕೊಟ್ಟಳು. ಬಟ್ಟಲು ಮುಳುಗಿತು. ನಾವು ಅವನ ಹೆಸರು ಹಿಡಿದು ಮೂರು ಸಲ ಕೂಗಿದೆವು. ಅಜ್ಜಿ ಜಾಗಟೆ ಬಡಿದಳು. ಎಳೆಯುವಾಗ ಅಪ್ಪ ಕಾಲನ್ನು ಹಲಗೆಗೆ ಒತ್ತಿ ಹಿಡಿಯಬೇಕಾಯಿತು, ಅಷ್ಟು ಭಾರವಿತ್ತು.

ಪ್ರಾಣ ಬಂದಿದ್ದರೆ ಅಕ್ಕಿಯ ಮೇಲೆ ಕೂದಲು ಇರುತ್ತದೆ. ಅಜ್ಜಿ ಗಂಟು ಬಿಚ್ಚಿ ಮುಚ್ಚಳ ತೆಗೆದಳು. ಕೂದಲು ಇತ್ತು. ಅವಳು ಬೆರಳಿನಿಂದ ಎತ್ತಿದಳು, ಎತ್ತಿದಳು, ಎತ್ತುತ್ತಲೇ ಹೋದಳು. ಅವಳ ಕೈ ತಲೆಯ ಮೇಲೆ ಹೋದರೂ ಅದರ ತುದಿ ಇನ್ನೂ ಬಟ್ಟಲಿನಲ್ಲೇ ಇತ್ತು.

ನನ್ನ ತಮ್ಮನ ಕೂದಲು ಶಾಲೆಯ ಹುಡುಗರ ಹಾಗೆ ತೀರಾ ಮೊಟಕಾಗಿತ್ತು. ಊರಿನ ಹೆಂಗಸರೆಲ್ಲ ಕೂದಲು ಕತ್ತರಿಸಿ ಗುಂಗುರು ಮಾಡಿಸಿಕೊಂಡು ಎಷ್ಟೋ ಕಾಲವಾಗಿತ್ತು. ಮಾಡಿಸದೆ ಉಳಿದವಳು ಒಬ್ಬಳೇ. ಕುಡಿದು ಬಂದ ದಿನ ಅಪ್ಪ ಆ ಉದ್ದನೆ ಕೂದಲನ್ನೇ ಮುಷ್ಟಿಗೆ ಸುತ್ತಿಕೊಂಡು ಅವಳನ್ನು ಅಂಗಳದ ತುಂಬ ಎಳೆದಾಡುತ್ತಿದ್ದ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂದು ಊರಿನವರು ಬಾಗಿಲು ಹಾಕಿಕೊಳ್ಳುತ್ತಿದ್ದರು, ಅತ್ತೆಯೂ.

ನಾವು ಯಾರೂ ಬಾಯಿ ಬಿಟ್ಟಿರಲಿಲ್ಲ. ಅಪ್ಪನೇ ಕಿರುಚಿದ. “ಅದು ಅವಳಲ್ಲ! ಅವಳು ಮೇಲೆ ಬರೋ ಹಾಗೇ ಇಲ್ಲ!”

“ಯಾರು?” ಎಂದಳು ಅಜ್ಜಿ ಮೆತ್ತಗೆ. “ಯಾರ ಹೆಸರು ಹೇಳಿದ್ವಿ ನಾವು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎನ್ನುವ ಮೊದಲೇ ಅಪ್ಪ ಮುಟ್ಟಿಕೊಂಡಿದ್ದ. ಅತ್ತೆ ದೋಣಿಯಲ್ಲಿ ಕುಸಿದು ಕೂತಳು. “ಅಯ್ಯೋ ಮಾನ್‌ಬೋಕ್, ಏನು ಮಾಡ್ದೆಯೋ, ಏನು ಮಾಡ್ದೆಯೋ,” ಎಂದು ಎದೆ ಬಡಿದುಕೊಂಡಳು.

ಅಪ್ಪ ಕೂದಲನ್ನು ಕಿತ್ತುಕೊಂಡು ನೀರಿಗೆ ಎಸೆಯಲು ಕೈ ಬೀಸಿದ. ಅದು ಹೋಗಲಿಲ್ಲ. ಅವನ ಮುಷ್ಟಿಗೆ ಒಂದು ಸುತ್ತು, ಇನ್ನೊಂದು ಸುತ್ತು ಬಂತು. ಹಿಂದೆ ಅವನೇ ಸುತ್ತಿಕೊಳ್ಳುತ್ತಿದ್ದ ಹಾಗೆಯೇ. ಕೊಡವಿದ, ಹಲಗೆಗೆ ಉಜ್ಜಿದ, ಹಲ್ಲಿನಿಂದ ಕಚ್ಚಿದ. ಬಿಡಲಿಲ್ಲ.

ನನಗೆ ಅಳು ಬಂತು, ಕೋಪ ಬಂತು, ಎರಡೂ ಒಟ್ಟಿಗೆ. ನಾನು ದಕ್ಕೆಯಲ್ಲಿ ಬೈಯುತ್ತಾ ನಿಂತು ಯಾರಿಗಾಗಿ ಕಾದೆನೋ ಅವಳು ಇಷ್ಟು ವರ್ಷ ಮನೆಯ ಕೂಗಳತೆಯಲ್ಲೇ ಬಿದ್ದಿದ್ದಳು!

“ಅಜ್ಜೀ, ಅವಳೇ ಎಳ್ಕೊಂಡ್ಳಾ ಗಿಲ್‌ನಾಮ್‌ನ? ಹೆತ್ತ ಮಗನ್ನ?”

ಅಜ್ಜಿ ಜಾಗಟೆಯನ್ನು ಹಲಗೆಯ ಮೇಲೆ ಇಟ್ಟಳು. “ಸೆಳೆತಕ್ಕೆ ಸಿಕ್ಕಿದಾನೆ ಹುಡುಗ. ಬದಲಿ ಸಿಕ್ರೆ ನೀರಲ್ಲಿರೋರು ಬಿಟ್ಟು ಓಡ್ತಾರೆ ಮಗಾ. ಇವಳು ಬದಲಿ ಸಿಕ್ಕಿದ್ರೂ ಓಡಿಲ್ಲ. ಮಗನ್ನ ತಬ್ಕೊಂಡು ಕೂತವ್ಳೆ. ಅವನಿಗೆ ಭಯ ಆಗ್ಬಾರ್ದು ಅಂತ.”

ನಾನು ಬಟ್ಟಲನ್ನು ಮತ್ತೆ ಕಟ್ಟಿಸಿದೆ. ಈ ಸಲ ನಾನೇ ಇಳಿಸಿದೆ. ಹೆಸರು ಕೂಗಲಿಲ್ಲ. “ಅವ್ವಾ, ಹುಡುಗನ್ನ ಕರ್ಕೊಂಡು ನೀನೂ ಬಾ. ಒಲೆ ಹಚ್ಚಿ ಬಂದಿದೀನಿ, ಮನೆ ಬೆಚ್ಚಗಿದೆ,” ಎಂದೆ. ಬಟ್ಟಲು ಹಗುರವಾಗಿ ಮೇಲೆ ಬಂತು. ಅಕ್ಕಿಯ ಮೇಲೆ ಮೊಟಕು ಕೂದಲಿನ ಒಂದು ಚಿಟಿಕೆ, ಅದರ ಸುತ್ತ ಉದ್ದನೆಯ ಒಂದು ಎಳೆ, ಕೂಸಿಗೆ ಬಟ್ಟೆ ಸುತ್ತಿದ ಹಾಗೆ.

ಅದನ್ನು ಮನೆಗೆ ತಂದು ಬೆಚ್ಚನೆ ಜಾಗದಲ್ಲಿ ಮಲಗಿಸಿ ರಜಾಯಿ ಹೊದಿಸಿದೆ. ಬೆಳಗ್ಗೆ ಎದ್ದು ಕಡಲಪಾಚಿಯ ಸಾರು ಮಾಡಿದೆ, ನಮ್ಮಲ್ಲಿ ಬಾಣಂತಿಗೆ ಮಾಡುವಂಥದ್ದು. ಅಪ್ಪ ಜಗಲಿಯಲ್ಲಿ ಕೂತು ಚಾಕುವಿನಿಂದ ಮುಷ್ಟಿ ಕೆರೆಯುತ್ತಿದ್ದ. ರಕ್ತ ಬರುತ್ತಿತ್ತು. ನಮಗೆ ಅಲ್ಲಿ ಕೂದಲು ಕಾಣುತ್ತಿರಲಿಲ್ಲ, ಅವನಿಗೆ ಕಾಣುತ್ತಿತ್ತು. ಆಮೇಲೆ ಎದ್ದ. ಕೈಯನ್ನು ಮುಂದೆ ಚಾಚಿಕೊಂಡು, ಯಾರೋ ಆ ಮುಷ್ಟಿ ಹಿಡಿದು ಎಳೆದ ಹಾಗೆ, ಮುಗ್ಗರಿಸುತ್ತಾ ಅಂಗಳ ದಾಟಿದ. “ಬರ್ತೀನಿ, ಬಿಡು, ನೋಯುತ್ತೆ, ಬರ್ತೀನಿ,” ಎನ್ನುತ್ತಿದ್ದ. ಅವ್ವನೂ ಅದನ್ನೇ ಅನ್ನುತ್ತಿದ್ದಳು, ಇದೇ ಅಂಗಳದಲ್ಲಿ.

ಅತ್ತೆ ಬೇಲಿಯಾಚೆಯಿಂದ ಓಡಿ ಬಂದಳು. “ಅವನನ್ನ ಕರೆಯೇ! ನನ್ನ ಮಾತು ಅವನ ಕಿವಿಗೇ ಬೀಳ್ತಿಲ್ಲ. ಮಗಳು ನೀನು, ಮೂರು ಸಲ ಕರೆದ್ರೆ ನಿಲ್ತಾನೆ, ಕರೆಯೇ!”

ನಾನು ಸಾರು ಬಡಿಸುತ್ತಿದ್ದೆ. ಅವ್ವ ಉಂಡು ಎಷ್ಟು ವರ್ಷವಾಗಿತ್ತೋ ಏನೋ. ಒಂದು ಹನಿಯೂ ಚೆಲ್ಲಬಾರದು ಎಂದು ನಿಧಾನವಾಗಿ ಬಡಿಸಿದೆ.

ಮಧ್ಯಾಹ್ನ ಅಪ್ಪನ ದೋಣಿ ಕರಿಬಂಡೆಯ ಹತ್ತಿರ ಸಿಕ್ಕಿತು, ಖಾಲಿ. ನಾವು ಗುಡ್ಡದ ಮೇಲೆ ಒಂದೇ ಗೋರಿ ಮಾಡಿ ಅವ್ವ, ತಮ್ಮ ಇಬ್ಬರ ಕೂದಲನ್ನೂ ಅದರಲ್ಲೇ ಇಟ್ಟೆವು.

ಚಳಿಗಾಲ ಬಂದಾಗಲೆಲ್ಲ ಅತ್ತೆ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕೂರುತ್ತಾಳೆ. ಅವಳಿಗೂ ವಯಸ್ಸಾಯಿತು. ಮೊನ್ನೆಯೂ ಬಂದಿದ್ದಳು.

“ನಿಮ್ಮಪ್ಪನೂ ಚಳೀಲಿ ಕೂತಿದಾನೆ ಕಣೇ. ಎಷ್ಟಾದ್ರೂ ನನ್ನ ತಮ್ಮ ಅವನು. ಒಂದು ಸಲ, ಒಂದೇ ಸಲ ಆ ಬಟ್ಟಲು ಕೊಡೇ.”

ಬಟ್ಟಲು ಮಣೆಯ ಮೇಲಿತ್ತು. ಅದರಲ್ಲಿ ಬಿಸಿ ಅನ್ನ ಹಾಕಿದ್ದೆ. ಪಕ್ಕದಲ್ಲಿ ಎರಡು ಚಮಚ ಇಟ್ಟಿದ್ದೆ.

“ಬಟ್ಟಲು ಖಾಲಿ ಇಲ್ಲ ಅತ್ತೆ,” ಎಂದೆ. “ಮನೇಲಿ ಉಣ್ತಾ ಇದಾರೆ.”