ಚಿಕ್ಕಸಿದ್ದಮ್ಮನ ಜಾಬ್

ಸೊಂಟದ ಮೂಳೆ ಮುರಿದು ಮೂಲೆ ಹಿಡಿದ ಮೇಲೆ ಚಿಕ್ಕಸಿದ್ದಮ್ಮ ಊಟ ಕಡಿಮೆ ಮಾಡಿಬಿಟ್ಟಳು. ತಟ್ಟೆ ಮುಂದಿಟ್ಟರೆ ಎರಡು ತುತ್ತು ನುಂಗಿ ಪಕ್ಕಕ್ಕೆ ದೂಡುವಳು.

"ಗೇಯ್ಮೆ ಇಲ್ದೆ ಉಣ್ಣೋದು ಗಂಟ್ಲಲ್ಲಿ ಇಳಿಯಲ್ಲ ಕಣವ್ವ. ತಗೊಂಡೋಗು."

ಸೊಸೆ ಲಕ್ಷ್ಮಿದೇವಿ ಗೋಗರೆದಳು, ಗದರಿದಳು. ಮುದುಕಿ ಗೋಡೆ ಕಡೆ ತಿರುಗಿ ಮಲಗಿದಳು, ಅಷ್ಟೆ.

ಮೊದಲೆಲ್ಲ ಅತ್ತೆ ಸೊಸೆ ಉದ್ಯೋಗ ಖಾತ್ರಿಯ ಒಂದೇ ಜಾಬ್ ಕಾರ್ಡಿನ ಮೇಲೆ ಬೆಟ್ಟದಪುರದ ಹತ್ತಿರದ ಕೆರೆಗೆ ಹೂಳೆತ್ತಲು ಜೊತೆಯಾಗಿ ಹೋಗುತ್ತಿದ್ದರು. ಈಗ ಲಕ್ಷ್ಮಿದೇವಿ ಒಬ್ಬಳೇ ಹೋಗಬೇಕು. ಅವತ್ತು ಬೆಳಿಗ್ಗೆ ಕೆರೆಯಂಗಳದ ತುಂಬ ಮಂಜು. ಬೆಟ್ಟಕ್ಕೆ ಬುಡವೇ ಇಲ್ಲದೆ ತಲೆಯಷ್ಟೇ ಮೇಲೆ ತೇಲುತ್ತಿತ್ತು. ಪಕ್ಕದಲ್ಲೇ ಬಿದ್ದ ಗುದ್ದಲಿ ಏಟು ಯಾವುದೋ ದೂರದ ಊರಿನದೆಂಬಂತೆ ಕೇಳುತ್ತಿತ್ತು. ಮಣ್ಣಿನ ಬಾಂಡ್ಲಿ ಹೊತ್ತ ಹೆಂಗಸರು ಬಿಳುಪಿನೊಳಗೆ ಕರಗಿ ಹೋಗಿ, ಸ್ವಲ್ಪ ಹೊತ್ತಿಗೆ ಖಾಲಿ ಬಾಂಡ್ಲಿಯೊಂದಿಗೆ ಮತ್ತೆ ಮೂಡುತ್ತಿದ್ದರು. ಅವರ ನಡುವೆ ಅತ್ತೆಯೂ ನಡೆದು ಬಂದಂತಾಗಿ ಲಕ್ಷ್ಮಿದೇವಿ ಕೈ ನಿಲ್ಲಿಸಿ ನೋಡಿದಳು. ಬೇರೆ ಯಾರೋ.

ಬಿಸಿಲು ಬಂದಾಗ ಹೊಂಗೆ ಮರದಡಿ ಕೂತರು. ಹಾಜರಿ ಹಾಕುವ ಸುಕನ್ಯ, ಡಿಗ್ರಿ ಓದಿದ ಹುಡುಗಿ, ನೀರು ಕುಡಿಯಲು ಪಕ್ಕ ಬಂದಳು.

"ಅಲ್ಲ ಸುಕನ್ಯ, ಜಾಬ್ ಕಾರ್ಡು ಅಂತೀವಲ್ಲ, ಜಾಬ್ ಅಂದ್ರೆ ಕೆಲ್ಸ ಅಂತ್ಲೇನಾ?" ಲಕ್ಷ್ಮಿದೇವಿ ಕೇಳಿದಳು.

"ಊಂ ಕಣಕ್ಕ. ಆದ್ರೆ ನಮ್ಮ ಇಂಗ್ಲಿಷ್ ಮೇಷ್ಟ್ರು ಏಳ್ತಿದ್ರು, ಮೊದ್ಲು ಅದಕ್ಕೆ ಒಂದು ತುಂಡು ಕೆಲ್ಸ ಅಂತ ಅರ್ಥವಂತೆ. ಒಂದು ಗಾಡಿ ತುಂಬೋವಷ್ಟು ಸಾಮಾನಿಗೂ ಜಾಬ್ ಅಂತಿದ್ರಂತೆ. ಅದಕ್ಕೂ ಮುಂಚೆ ಉಂಡೆ, ಬಾಯ್ತುಂಬ ತುತ್ತು ಅನ್ನೋ ಮಾತಿಂದ ಬಂದಿರ್ಬೋದಂತೆ. ಖಂಡಿತ್ವಾಗಿ ಯಾರ್ಗೂ ಗೊತ್ತಿಲ್ಲ."

ಲಕ್ಷ್ಮಿದೇವಿ ಮರಕ್ಕೊರಗಿ ಕಣ್ಣು ಮುಚ್ಚಿದಳು. ಅರೆನಿದ್ದೆಯಲ್ಲಿ ಕೆರೆಯ ಕಪ್ಪು ಹೆಂಟೆಗಳೆಲ್ಲ ಹಬೆಯಾಡುವ ರಾಗಿ ಮುದ್ದೆಗಳಾದವು. ಕಂಡಿಲ್ಲದ ದೇಶದ, ಕೇಳಿಲ್ಲದ ಕಾಲದ ಜನ ಏರಿಯುದ್ದಕ್ಕೂ ಸಾಲಾಗಿ ಕೂತು ಮಣ್ಣುಗೈ ಒಡ್ಡಿದ್ದರು. "ನಂಗೊಂದು ಜಾಬು, ನಂಗೊಂದು." ಬಡಿಸುತ್ತಿದ್ದವಳು ಅತ್ತೆ. ಸೊಂಟ ನೆಟ್ಟಗಿತ್ತು.

ಮನೆಗೆ ಬಂದವಳೇ ಹಿಟ್ಟಿಗೆ ಎಸರಿಟ್ಟಳು. ಸುಕನ್ಯ ಹೇಳಿದ್ದನ್ನು ಅತ್ತೆಗೆ ಹೇಳಿದಳು.

"ಉಣ್ಣೋದೂ ಜಾಬೇ ಅಂತೆ ಅತ್ತೆ. ನೀವು ಕೆಲ್ಸ ಬುಟ್ಟಿಲ್ಲ."

ಚಿಕ್ಕಸಿದ್ದಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ಆ ಇಂಗ್ಲಿಷ್ನೋರು ರಾಗಿ ಇಟ್ಟು ಉಣ್ತಿದ್ರಾ?"

"ಅದೇನುಣ್ತಿದ್ರೋ, ಅಂತೂ ತುತ್ತು ಅಂತಿದ್ರಂತೆ."

ಮುದುಕಿ ನಕ್ಕಳು. ಬೊಚ್ಚುಬಾಯಿಯ ನಗು, ಮಳೆಗಾಲದಿಂದ ಮನೆಯಲ್ಲಿ ಕೇಳದ್ದು. ನಗುನಗುತ್ತಲೇ ಕಣ್ಣೊರೆಸಿಕೊಂಡು ಅಂದಳು:

"ನನ್ನ ನಂಬ್ಸಕೆ ಅಂತ ಬಂದವ್ಳೆ. ಉಣ್ಣೋದು ಎಲ್ಲಾದ್ರೂ ಕೆಲ್ಸವಾ? ಉಂಡೆ ಕಟ್ಟೋದು ಕೆಲ್ಸ. ಕೈ ಮುರ್ದಿಲ್ವಲ್ಲ ನಂಗೆ. ತತ್ತಾ ಇಲ್ಲಿ."

ಲಕ್ಷ್ಮಿದೇವಿ ಅತ್ತೆಯನ್ನು ಗೋಡೆಗೊರಗಿಸಿ ಕೂರಿಸಿ, ಮುಂದೆ ಮಣೆ, ನೀರಿನ ಬಟ್ಟಲು ಇಟ್ಟು, ಬಿಸಿ ಹಿಟ್ಟನ್ನು ಕವುಚಿದಳು. ಅತ್ತೆ ಕೈ ಒದ್ದೆ ಮಾಡಿಕೊಂಡಳು. ಮೊದಲನೆಯ ಮುದ್ದೆ ಒಂದು ಕಡೆ ವಾಲಿತು. ಎರಡನೆಯದಕ್ಕೆ ಅಂಗೈಗೆ ಹಳೆಯ ಹದ ಸಿಕ್ಕಿತು. ಸುತ್ತಿ, ಸವರಿ, ಕೆರೆನೀರಿನ ನುಣುಪು ಬರುವ ತನಕ ಬಿಡಲಿಲ್ಲ. ಅದನ್ನು ಸೊಸೆಯ ತಟ್ಟೆಗೆ ಇಟ್ಟು, ವಾಲಿದ್ದನ್ನು ತನ್ನ ಕಡೆ ಎಳೆದುಕೊಂಡಳು.

ಸೊಸೆ ತಟ್ಟೆಗೆ ಕೈ ಹಾಕದೆ ಅತ್ತೆಯನ್ನೇ ನೋಡಿದಳು.

"ಏನ್ ಮಕ ನೋಡ್ತಿ? ಆರೋಯ್ತದೆ ಉಣ್ಣು," ಅಂದಳು ಚಿಕ್ಕಸಿದ್ದಮ್ಮ. "ನಂಗೂ ಒಸಿ ಸಾರು ಬುಡು."