ಕೌದಿ ಸಂಘದ ಅತಿಥಿ

ಜಯಲಕ್ಷ್ಮಿಪುರಂನಲ್ಲಿ ನಮ್ಮ ಕೌದಿ ಸಂಘ ಸೇರುತ್ತಿದ್ದುದು ತಿಂಗಳಿಗೊಂದು ಶನಿವಾರ. ಹಳೆಯ ಸೀರೆಗಳನ್ನು ಹರಡಿ, ಸುತ್ತ ಕೂತು ಹೊಲಿಯುತ್ತ, ನಾನು ಬಾಯ್ತುಂಬ ಹರಟುತ್ತಿದ್ದುದು ಆ ಮಧ್ಯಾಹ್ನ ಮಾತ್ರ. ಮನೆಯಲ್ಲಿ ಮಾತೆಲ್ಲ ನಮ್ಮ ಯಜಮಾನರದು. ನಿವೃತ್ತ ಹೆಡ್‌ಮಾಸ್ಟರು, ಅವರಿಗೆ ಉಳಿದಿದ್ದ ಕ್ಲಾಸು ನಾನೊಬ್ಬಳೇ.

ತಿಂಗಳಿಗೊಬ್ಬ ಅತಿಥಿಯಿಂದ ಭಾಷಣ ಮಾಡಿಸುವುದು ಸಂಘದ ಪದ್ಧತಿ. ಆ ಶನಿವಾರ ಬರಬೇಕಿದ್ದ ಲೇಡಿ ಡಾಕ್ಟರು ಕೈಕೊಟ್ಟರು. ಅಧ್ಯಕ್ಷೆ ಪ್ರೇಮಲೀಲಾ ನನ್ನನ್ನು ಒಂದು ಮಾತೂ ಕೇಳದೆ ನಮ್ಮವರನ್ನೇ ಕರೆಸಿಬಿಟ್ಟಳು.

ಅವರು "ಮಹಿಳೆಯರೂ ಬಿಡುವಿನ ವೇಳೆಯೂ" ಎಂದು ಶುರುಮಾಡಿದರು. ಅತಿಥಿ ಮಾತಾಡುವಾಗ ಯಾರೂ ಸೂಜಿ ಮುಟ್ಟಬಾರದೆಂಬುದು ನಮ್ಮ ನಿಯಮ. ಹೊಲಿಯುವಂತಿಲ್ಲ, ಎದ್ದು ಹೋಗುವಂತೆಯೂ ಇಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತ ನನಗೆ ಹೇಳಿದ್ದನ್ನೇ, ನಡುವಿನ ಕೆಮ್ಮಿನ ಸಮೇತ, ಅವರು ಮತ್ತೆ ಹೇಳುತ್ತಿದ್ದರು.

"ಎಷ್ಟು ಚೆನ್ನಾಗಿ ಮಾತಾಡ್ತಾರೆ! ಪುಣ್ಯವಂತರು ಕಣ್ರೀ ನೀವು," ಎಂದು ಪಕ್ಕದ ಮಹದೇವಮ್ಮ ಪಿಸುಗುಟ್ಟಿದರು.

ಸನ್ಮಾನಕ್ಕೆ ಶಾಲು ತಂದಿರಲಿಲ್ಲ. ನಾವೆಲ್ಲ ವರ್ಷವಿಡೀ ಹೊಲಿದಿದ್ದ ಕೌದಿಯನ್ನೇ ಪ್ರೇಮಲೀಲಾ ನನ್ನ ಕೈಗಿತ್ತು, ಅವರಿಗೆ ಹೊದಿಸಲು ಹೇಳಿದಳು. ಹೊದಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮನೆಗೆ ನಡೆಯುವಾಗಲೂ ಅವರು ಅದನ್ನು ಹೆಗಲಿಂದ ತೆಗೆಯಲಿಲ್ಲ.

"ಇನ್ಮೇಲೆ ತಿಂಗಳು ತಿಂಗಳೂ ನಾನೇ ಬಂದು ಮಾತಾಡ್ತೀನಿ ಅಂತ ಒಪ್ಕೊಂಡ್ಬುಟ್ಟೆ ಕಣೇ," ಎಂದರು. "ಪಾಪ, ಇಷ್ಟು ದಿನ ನೀನೊಬ್ಬಳೇ ಹೋಗ್ಬೇಕಾಗಿತ್ತು."