ಗೆರೆಯ ಹೊರಮಗ್ಗುಲು

ಅಕ್ಕ ನೋಟಿಸನ್ನು ಎರಡು ಸಲ ಓದಿ, ಮಡಚಿ, ತಮ್ಮನ ಜೇಬಿಗೆ ತುರುಕಿದಳು. ಸರಕು ಯಾರ್ಡಿನಿಂದ ಬಂದರಿಗೆ ಹೋಗುವ ಹೊಸ ಹೆದ್ದಾರಿ ಅವಳ ಲಾರಿ ಗ್ಯಾರೇಜಿನ ನಟ್ಟನಡುವೆ ಹಾಯುತ್ತದೆ, ಆಕ್ಷೇಪಣೆ ಇದ್ದರೆ ಎರಡು ತಿಂಗಳೊಳಗೆ ತಿಳಿಸಿ ಎಂದು ಅದರಲ್ಲಿತ್ತು.

"ನಕ್ಷೆ ಬರೆಯೋನು ನೀನು. ನನ್ನ ಶೆಡ್ ಮೇಲೆ ಗೆರೆ ಎಳೀವಾಗ ಕೈ ನಡುಗಲಿಲ್ವಾ?"

"ರಸ್ತೆ ಎಲ್ಲಿ ಹೋಗ್ಬೇಕು ಅಂತ ಎಂಜಿನಿಯರ್ ಸಾಹೇಬ್ರು ಹೇಳ್ತಾರೆ ಅಕ್ಕ. ನಾನು ಬರೀತೀನಿ, ಅಷ್ಟೆ."

"ಗ್ಯಾರೇಜ್ ಮುಚ್ಚಿ ನಮ್ಮನೇಲಿ ಬಂದಿರು ಅಂತ ನಿಮ್ ಭಾವ ಹೋದಾಗಿಂದ ರಾಗ ಎಳೀತಿದ್ದೆ. ನಾನು ಬರ್ಲಿಲ್ಲ. ಈಗ ಬರೋ ಹಾಗೆ ಮಾಡ್ದೆ."

ಹನ್ನೆರಡು ವರ್ಷದಿಂದ ಅವಳು ಒಬ್ಬಳೇ ನಡೆಸಿಕೊಂಡು ಬಂದ ಗ್ಯಾರೇಜು ಅದು. ಅಕ್ಕನ ಬಾಯಲ್ಲಿ ಆ ಮಾತು ಬಂದದ್ದಕ್ಕೆ ಅವನಿಗೆ ತಡೆಯಲಾಗದಷ್ಟು ನೋವಾಯಿತು. ನೋವಾದವನು ಸುಮ್ಮನೆ ಕೂರುತ್ತಾನೆಯೇ? ತಪ್ಪಿತಸ್ಥನನ್ನು ಹುಡುಕಲು ಹೊರಟ.

ಹುಡುಕುವುದಕ್ಕೆ ಕಷ್ಟಪಡಬೇಕಾಗಲಿಲ್ಲ. ಹೆದ್ದಾರಿ ಯಾರ್ಡಿನಿಂದ ನೆಟ್ಟಗೆ ಬಂದು, ಸೇನಾ ನೆಲೆಯ ಹತ್ತಿರ ಹೊಟ್ಟೆ ಬಂದವರ ಹಾಗೆ ಹೊರಗೆ ಉಬ್ಬಿತ್ತು. ನೆಲೆಯ ಗಡಿಯಿಂದ ಇನ್ನೂರು ಮೀಟರ್ ದೂರ ಬಿಡಬೇಕೆಂಬ ನಿಯಮ ಸರಿ, ಆದರೆ ಇಷ್ಟು ಉಬ್ಬು ಯಾಕೆ? ಉಬ್ಬಿನ ತುದಿಯಲ್ಲಿ ಅಕ್ಕನ ಗ್ಯಾರೇಜು. ಅದರಾಚೆ ಒಂದು ಪೆಟ್ರೋಲ್ ಬಂಕು. ಬಂಕು ಎಂಜಿನಿಯರ್ ಸಾಹೇಬರ ಮಾವನದು.

ಅಲ್ಲಿಗೆ ಎಲ್ಲವೂ ಕನ್ನಡಿಯಂತೆ ಸ್ಪಷ್ಟವಾಯಿತು. ಸಾಹೇಬರು ಕೆಮ್ಮಿದರೂ ಅದರಲ್ಲಿ ಏನೋ ಮಸಲತ್ತು ಕಾಣತೊಡಗಿತು. ಅವನು ಒಳಗೆ ಹೋದರೆ ಅವರು ಡ್ರಾಯರ್ ಮುಚ್ಚಿ ಬೀಗ ಹಾಕುತ್ತಿದ್ದರು. ಕಳ್ಳನಲ್ಲದಿದ್ದರೆ ಬೀಗ ಯಾಕೆ? ಅವನು ಕ್ಯಾಂಟೀನಿನಲ್ಲಿ ಹೇಳಿದ, ಟೈಪಿಸ್ಟಿಗೆ ಹೇಳಿದ, ಅಕ್ಕನಿಗೆ ದಿನ ಬಿಟ್ಟು ದಿನ ಹೇಳಿದ. "ಸಾಹೇಬ ಮಾವನಿಗೋಸ್ಕರ ರಸ್ತೆ ಬಗ್ಗಿಸಿದಾನೆ. ಪುರಾವೆ ತಂದೇ ತರ್ತೀನಿ."

ಅಕ್ಕ ಮೊದಮೊದಲು ಕೇಳಿಸದವಳಂತೆ ಸ್ಪ್ಯಾನರ್ ತಿರುಗಿಸುತ್ತಿದ್ದಳು. ಆಮೇಲಾಮೇಲೆ, "ಅವನೇ ಇರ್ಬೇಕು ಬಿಡು," ಎಂದಳು. ಅವತ್ತು ಅವನಿಗೆ ಹೋದ ಜೀವ ಬಂದಂತಾಯಿತು.

ಪುರಾವೆ ಇದ್ದದ್ದು ದಾಖಲೆ ಕೋಣೆಯಲ್ಲಿ. ಕಾಗದದ ನಕ್ಷೆ ನಾಲ್ಕೈದು ವರ್ಷಕ್ಕೊಮ್ಮೆ ಸವೆದು ಹರಿಯುತ್ತದೆ, ಆಗ ಹಳೆಯದರ ಮೇಲೆ ಹೊಸ ಹಾಳೆ ಇಟ್ಟು ನಕಲು ಇಳಿಸುತ್ತಾರೆ. ಆರನೆಯ ನಕಲು ಕಂಪ್ಯೂಟರಿಗೆ ಹೋಗಿತ್ತು. ಅವನು ಮೂಲವನ್ನೂ ಆರು ನಕಲುಗಳನ್ನೂ ಧೂಳು ಕೊಡವಿ ತಂದು, ಅಡಿಯಿಂದ ಬೆಳಕು ಬರುವ ದೀಪದ ಮೇಜಿನ ಮೇಲೆ ಒಂದರ ಮೇಲೊಂದು ಹಾಸಿದ. ಸಾಹೇಬರು ನೆಲೆಯ ಗಡಿಯನ್ನು ಎಲ್ಲಿ ತಿದ್ದಿದ್ದಾರೆ ಎಂದು ಹಿಡಿಯಬೇಕಿತ್ತು.

ಗಡಿ ಒಂದೇ ಏಟಿಗೆ ಜರುಗಿರಲಿಲ್ಲ. ಪ್ರತಿ ನಕಲಿನಲ್ಲೂ ಅರ್ಧ ಮಿಲಿಮೀಟರ್ ಹೊರಗೆ ಬಂದಿತ್ತು. ಆ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ಅಂದರೆ ನೆಲದಲ್ಲಿ ಇಪ್ಪತ್ತೈದು ಮೀಟರ್. ಆರು ನಕಲಿಗೆ ನೂರೈವತ್ತು. ಅಷ್ಟು ಇಲ್ಲದಿದ್ದರೆ ರಸ್ತೆ ಗ್ಯಾರೇಜಿನ ಗೋಡೆಯನ್ನೂ ಮುಟ್ಟುತ್ತಿರಲಿಲ್ಲ.

ಆರೂ ಹಾಳೆಗಳ ಮೂಲೆಯಲ್ಲಿ ನಕಲು ಮಾಡಿದವನ ಸಹಿ ಇತ್ತು. ಆರೂ ಅವನದೇ.

ಕೆಲಸ ಕಲಿಸಿದ ಹಿರಿಯ ನಕ್ಷೆಗಾರರು ಮೊದಲ ದಿನವೇ ಹೇಳಿದ್ದರು, ಸೇನೆಯ ಜಾಗ ಕೂದಲೆಳೆಯಷ್ಟೂ ಕಡಿಮೆಯಾಗಬಾರದು, ಪೆನ್ನು ಯಾವಾಗಲೂ ಗೆರೆಯ ಹೊರಮಗ್ಗುಲಲ್ಲಿ ಇರಲಿ ಎಂದು. ಇಪ್ಪತ್ತೆಂಟು ವರ್ಷ ಅವನು ಚಾಚೂ ತಪ್ಪದೆ ಹೊರಮಗ್ಗುಲಲ್ಲೇ ಎಳೆದಿದ್ದ, ಅದೂ ದಪ್ಪ ಪೆನ್ನಿನಲ್ಲಿ. ಅವನಿಗೆ ನಾಚಿಕೆಯಿಂದ ಸತ್ತುಹೋಗಬೇಕೆನಿಸಿತು.

ಹಾಳೆಗಳನ್ನು ಸುತ್ತಿಕೊಂಡು ಸಾಹೇಬರ ಮುಂದೆ ನಿಂತು ಎಲ್ಲ ಹೇಳಿದ. ಅವರು ಡ್ರಾಯರಿನ ಬೀಗ ತೆಗೆದು ಫೈಲನ್ನು ಮೇಜಿನ ಮೇಲಿಟ್ಟರು.

"ಗಡಿ ಉಬ್ಬಿದೆ ಅಂತ ನನಗೂ ಅನುಮಾನ ಇತ್ತು ಕಣ್ರೀ. ಗ್ಯಾರೇಜ್ ಮುಚ್ಚಲ್ಲ ಅಂದ ಅಕ್ಕನ ಮೇಲಿನ ಸಿಟ್ಟಿಗೆ ನೀವೇ ಬೇಕಂತ ಮಾಡಿದೀರ ಅಂದ್ಕೊಂಡಿದ್ದೆ. ಅದಕ್ಕೇ ನೀವು ಬಂದಾಗ ಫೈಲ್ ಒಳಗಿಟ್ಟು ಬೀಗ ಹಾಕ್ತಿದ್ದೆ."

"ಈಗ ತಿದ್ದಬಹುದಾ ಸಾರ್?"

"ನಾವಾಗೇ ತಿದ್ದೋ ಹಾಗಿಲ್ಲ. ನಿಮ್ಮ ಬೇಲಿ ನಿಜವಾಗ್ಲೂ ಎಲ್ಲಿದೆ ಅಂತ ನೆಲೆಯವರನ್ನೇ ಕೇಳೋಣ."

ಅವತ್ತೇ ಪತ್ರ ಹೋಯಿತು. ಹದಿನೈದನೆಯ ದಿನ ಉತ್ತರ ಬಂತು, ಗಡುವಿಗೆ ಇನ್ನೂ ಮೂರು ದಿನ ಇತ್ತು. ಸಾಹೇಬರು ಓದಿ, ಅವನತ್ತ ನೂಕಿದರು. ನಮ್ಮ ಗಡಿ ನಿಮ್ಮ ಇಲಾಖೆಯ ಇತ್ತೀಚಿನ ನಕ್ಷೆಯಲ್ಲಿರುವಂತೆಯೇ ಇದೆ. ನಮ್ಮ ಹಳೆಯ ಬೇಲಿ ಒಳಗೆ ಉಳಿದಿರುವುದು ತಮ್ಮ ಪತ್ರದಿಂದ ಗಮನಕ್ಕೆ ಬಂದಿದ್ದು, ನಕ್ಷೆಯ ಪ್ರಕಾರ ಹೊರಕ್ಕೆ ಸರಿಸಲಾಗುತ್ತಿದೆ. ಧನ್ಯವಾದಗಳು.

ಅವನು ಗ್ಯಾರೇಜಿಗೆ ಹೋಗುವಷ್ಟರಲ್ಲಿ ಸಿಪಾಯಿಗಳು ಎದುರಿನ ಬಯಲಿನಲ್ಲಿ ಕಂಬ ನೆಡಲು ಗುಂಡಿ ತೋಡುತ್ತಿದ್ದರು. ಕೈಯಲ್ಲಿ ನಕ್ಷೆಯ ಪ್ರತಿ ಹಿಡಿದಿದ್ದ ಅಧಿಕಾರಿ ಅದರ ಮೇಲೆ ಸ್ಕೇಲಿಟ್ಟು ಅಳೆದು, ಗುಂಡಿ ಇನ್ನೂ ಸ್ವಲ್ಪ ಈಚೆಗೆ ಬರಲಿ ಎಂದು ಕೈಸನ್ನೆ ಮಾಡಿದ.

ಅಕ್ಕ ಲಾರಿಯ ಕೆಳಗಿಂದ ಜಾರಿ ಬಂದು ಎದ್ದು ಕೂತಳು. ಅವನು ಅವಳ ಪಕ್ಕ ನೆಲದ ಮೇಲೆಯೇ ಕೂತು, ಒಂದನ್ನೂ ಮುಚ್ಚಿಡದೆ ಹೇಳಿದ.

"ಸಾಹೇಬ್ರದ್ದು ಏನೂ ತಪ್ಪಿಲ್ಲ ಅಕ್ಕ. ಎಲ್ಲಾ ನನ್ನ ಕೈಯಿಂದಲೇ ಆಗಿದ್ದು. ನಂಗೆ ಗೊತ್ತಾಗ್ಲಿಲ್ಲ."

ಅಕ್ಕ ಕೈಯ ಗ್ರೀಸನ್ನು ಒಂದೊಂದೇ ಬೆರಳಿನಿಂದ ಒರೆಸಿಕೊಂಡಳು.

"ಒಂದೂವರೆ ತಿಂಗಳು ಅವನೇ ಕಳ್ಳ ಅಂತ ನನ್ನ ತಲೆ ತಿಂದೆ. ನಾನೂ ನಂಬಿದೆ, ನಿನ್ನ ಮೇಲಿದ್ದ ಅನುಮಾನಾನೂ ಬಿಟ್ಟೆ. ಈಗ ಬಂದು ಅವನು ದೇವರಂಥೋನು ಅಂತೀಯ," ಎಂದಳು. "ನಿಜ ಹೇಳು. ಅವನು ನಿನ್ನ ಹೇಗೆ ಹೆದರಿಸಿದ?"